ಬೀದಿಯ ನಡುವೆ ದನ, ಹಂದಿ, ಕೋಳಿ, ನಾಯಿ: ಊರಿನ ಆಡಳಿತದ ಕೆಲಸವೇನು? ನಮ್ಮ ಕೆಲಸವೇನು?



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಊರುಗಳಲ್ಲಿ ದನಕರುಗಳ ನಂಟಿಲ್ಲದ ಮನೆ ಸಿಗುವುದು ಕಷ್ಟ. ಹೊಗೆಸೊಪ್ಪಿನ ಬೆಳೆ ಕೈಕೊಟ್ಟ ವರ್ಷ ಡೇರಿಗೆ ಹಾಕಿದ ಹಾಲಿನ ಬಟವಾಡೆಯೇ ಎಷ್ಟೋ ಮನೆಗಳನ್ನು ನಡೆಸುತ್ತದೆ. ಹಿತ್ತಲಲ್ಲಿ ನಾಲ್ಕು ನಾಟಿಕೋಳಿ, ಬಾಗಿಲಲ್ಲಿ ಒಂದು ನಾಯಿ, ಗೂಟದಲ್ಲಿ ಒಂದೆರಡು ಮೇಕೆ ಇರುವುದು ನಮ್ಮಲ್ಲಿ ಸಾಮಾನ್ಯ.

ಆದರೆ ಊರು ಬೆಳೆದಿದೆ. ಹಿಂದೆ ಹಿತ್ತಲಿದ್ದ ಕಡೆ ಈಗ ಪಕ್ಕದವರ ಮನೆಯ ಗೋಡೆ ಇದೆ. ಡಿಸ್ಚಾರ್ಜ್ ಚೀಟಿ ಕೊಡುವಾಗ ದಾದಿಯರಾದ ನಾವು ಕೇಳುವ ಮಾತುಗಳಲ್ಲಿ ಇವೆರಡೂ ಇರುತ್ತವೆ. ಒಬ್ಬರು, "ಸಿಸ್ಟರ್, ಪಕ್ಕದವರ ಕೊಟ್ಟಿಗೆ ನಮ್ಮ ಗೋಡೆಗೇ ಅಂಟಿಕೊಂಡಿದೆ, ನೊಣ ತುಂಬಾ. ಬಾಣಂತಿ, ಮಗೂನ ಕರ್ಕೊಂಡು ಹೋಗಬಹುದಾ?" ಎನ್ನುತ್ತಾರೆ. ಇನ್ನೊಬ್ಬರು, "ಬೀದಿಯವರು ಅರ್ಜಿ ಕೊಟ್ಟು ನಮ್ಮ ಹಸು ತೆಗೆಸಬೇಕು ಅಂತಿದ್ದಾರೆ. ಆ ಎರಡು ಹಸು ಬಿಟ್ಟರೆ ನಮಗೆ ಬೇರೆ ದಾರಿಯಿಲ್ಲ" ಎನ್ನುತ್ತಾರೆ. ಕೆಲವೊಮ್ಮೆ ಇಬ್ಬರೂ ಒಂದೇ ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯಲ್ಲಿರುತ್ತಾರೆ.

ಇಬ್ಬರ ಮಾತೂ ನಿಜ. ಇಬ್ಬರಿಗೂ ಉಪಯೋಗವಾಗಲೆಂದು ಈ ಲೇಖನ. ನಾವು ಹೇಳಬೇಕೆಂದಿರುವುದು ಒಂದೇ ಮಾತು: ಪ್ರಾಣಿ ಬೀದಿಯಲ್ಲಿ ಇರಬೇಕೋ ಬೇಡವೋ ಎಂದು ಜಗಳವಾಡುವ ಮೊದಲು ಅದು ಎಷ್ಟು ದೂರದಲ್ಲಿದೆ, ಅದರ ಸಗಣಿ ಎಲ್ಲಿಗೆ ಹೋಗುತ್ತಿದೆ, ಅದಕ್ಕೆ ಲಸಿಕೆ ಆಗಿದೆಯೇ ಎಂಬ ಮೂರನ್ನು ನೋಡಿ. ಮುಕ್ಕಾಲು ಪಾಲು ರೋಗ ಈ ಮೂರರಲ್ಲೇ ನಿಲ್ಲುತ್ತದೆ. ಊರಿನ ಆಡಳಿತವನ್ನು ಕೇಳಬೇಕಾದ್ದೂ ಈ ಮೂರನ್ನೇ.

ರೋಗ ಬರುವ ದಾರಿಗಳು

ಪ್ರಾಣಿ ಪಕ್ಕದಲ್ಲಿದ್ದ ಮಾತ್ರಕ್ಕೆ ಯಾರಿಗೂ ಕಾಯಿಲೆ ಬರುವುದಿಲ್ಲ. ಕಾಯಿಲೆಗೆ ಒಂದು ದಾರಿ ಬೇಕು. ಆ ದಾರಿಗಳನ್ನು ತಿಳಿದುಕೊಂಡರೆ ಭಯ ಕಡಿಮೆಯಾಗುತ್ತದೆ, ಎಚ್ಚರ ಹೆಚ್ಚಾಗುತ್ತದೆ.

1. ನೊಣದ ದಾರಿ: ನೊಣ ಸಗಣಿ, ಗೊಬ್ಬರ, ಮಲ, ಕೊಳೆತ ಕಸದಲ್ಲಿ ಮೊಟ್ಟೆಯಿಡುತ್ತದೆ. ಬೇಸಿಗೆಯಲ್ಲಿ ಆ ಮೊಟ್ಟೆ ಸುಮಾರು 5-6 ದಿನಗಳಲ್ಲಿ ಹಾರುವ ನೊಣವಾಗುತ್ತದೆ. ಅದೇ ನೊಣ ಅನ್ನದ ಮೇಲೆ, ಮಗುವಿನ ಹಾಲಿನ ಲೋಟದ ಮೇಲೆ ಕೂತಾಗ ವಾಂತಿ, ಭೇದಿ, ಆಮಶಂಕೆ ಬರುತ್ತವೆ. ಸಗಣಿಯನ್ನು ದಿನವೂ ಎತ್ತಿ ಮುಚ್ಚಿದ ಗುಂಡಿಗೆ ಹಾಕಿದರೆ ಈ ದಾರಿ ಮುಚ್ಚುತ್ತದೆ.

2. ನೀರಿನ ದಾರಿ: ತಿಪ್ಪೆಯ ರಸ, ಗಂಜಲ, ಕೊಟ್ಟಿಗೆ ತೊಳೆದ ನೀರು ಇಂಗಿ ಬಾವಿಗೆ, ಒಡೆದ ನಲ್ಲಿ ಪೈಪಿಗೆ ಸೇರುತ್ತವೆ. ಇಲಿಯ ಮೂತ್ರ ಬೆರೆತ ನೀರು, ಕೆಸರಿನಲ್ಲಿ ಬರಿಗಾಲಲ್ಲಿ ನಡೆದರೆ ಕಾಲಿನ ಸೀಳು, ಗಾಯಗಳ ಮೂಲಕ ಇಲಿಜ್ವರ ಬರಬಹುದು. ಹಿಂಡಿ, ಬೂಸಾ ಚೀಲ ಬಿಚ್ಚಿಟ್ಟ ಕಡೆ ಇಲಿ ಸೇರುವುದನ್ನು ನೀವೇ ನೋಡಿದ್ದೀರಿ.

3. ಹಾಲು ಮತ್ತು ಕೈಯ ದಾರಿ: ಹಸಿ ಹಾಲು ಕುಡಿದರೆ, ಅಥವಾ ಹಸು ಕಂದು ಹಾಕಿದಾಗ ಬರಿಗೈಯಲ್ಲಿ ಸತ್ತೆ ಎತ್ತಿದರೆ ಬ್ರೂಸೆಲ್ಲಾ ಎಂಬ ಜ್ವರ ಬರಬಹುದು. ವಾರಗಟ್ಟಲೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲುನೋವು ಇದರ ಗುರುತು. ನಿಮ್ಮ ಮನೆಯಲ್ಲಿ ದನಗಳಿದ್ದು ಇಂತಹ ಜ್ವರ ಬಂದರೆ ಡಾಕ್ಟರಿಗೆ ದನ ಸಾಕುವ ವಿಷಯವನ್ನು ಮರೆಯದೆ ಹೇಳಿ.

4. ಸೊಳ್ಳೆಯ ದಾರಿ: ಇದನ್ನು ಹಂದಿಯ ವಿಷಯದಲ್ಲಿ ಮುಂದೆ ವಿವರಿಸಿದೆ.

5. ಹಲ್ಲಿನ ದಾರಿ: ನಾಯಿ, ಬೆಕ್ಕು, ಕೋತಿಗಳ ಕಡಿತ ಮತ್ತು ಪರಚು ಗಾಯ. ಎಲ್ಲಕ್ಕಿಂತ ಅಪಾಯದ ದಾರಿ ಇದು.

ತೀರ್ಮಾನ ಮಾಡುವವರು ಯಾರು?

ಊರಿನ ಆರೋಗ್ಯಕ್ಕಾಗಿ ಸ್ಥಳೀಯ ಮಂಡಳಿ ನಿಯಮ ಮಾಡುವುದು ನಮ್ಮ ಸೀಮೆಗೆ ಹೊಸದಲ್ಲ. 1898ರಲ್ಲಿ ಪ್ಲೇಗ್ ಮಾರಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ಬಳಿಕ 1903ರಲ್ಲಿ ಮೈಸೂರು ನಗರ ಸುಧಾರಣಾ ಟ್ರಸ್ಟ್ ಮಂಡಳಿ ಹುಟ್ಟಿತು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ, ಗಾಳಿ ಬೆಳಕು ಬರುವ ಬೀದಿ, ಚರಂಡಿಗಳನ್ನು ಮಾಡುವುದು ಅದರ ಕೆಲಸವಾಯಿತು. ಮನೆಗೂ ರೋಗಕ್ಕೂ ನಡುವೆ ಅಂತರ ಬೇಕೆಂಬ ಪಾಠವನ್ನು ಪ್ಲೇಗ್ ಆಗಲೇ ಕಲಿಸಿತ್ತು.

ಈಗ ಹುಣಸೂರಿನಲ್ಲಿ ನಗರಸಭೆ ಇದೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಪಟ್ಟಣಗಳಲ್ಲಿ ಪುರಸಭೆಗಳಿವೆ. ಇವು 1964ರ ಕರ್ನಾಟಕ ಪುರಸಭೆಗಳ ಕಾಯಿದೆಯಂತೆ ನಡೆಯುತ್ತವೆ. ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮ ಪಂಚಾಯಿತಿ ಇದೆ. ಪಟ್ಟಣದಲ್ಲಿ ಆರೋಗ್ಯ ನಿರೀಕ್ಷಕರು ಸ್ಥಳಕ್ಕೆ ಬಂದು ನೋಡುತ್ತಾರೆ. ಮೇಲಿನ ಅಧಿಕಾರಿ ಪುರಸಭೆಯಾದರೆ ಮುಖ್ಯಾಧಿಕಾರಿ, ನಗರಸಭೆಯಾದರೆ ಪೌರಾಯುಕ್ತರು. ಹಳ್ಳಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಪ್ರಾಣಿಯ ಕಾಯಿಲೆ, ಲಸಿಕೆಯ ವಿಷಯ ಪಶು ಆಸ್ಪತ್ರೆಗೆ ಸೇರಿದ್ದು.

ಸ್ಥಳೀಯ ಸಂಸ್ಥೆ ಕದಲದಿದ್ದರೆ ಇನ್ನೊಂದು ಮೆಟ್ಟಿಲಿದೆ. ಸಾರ್ವಜನಿಕರಿಗೆ ತೊಂದರೆಯಾಗುವ ಕೊಳೆ, ದುರ್ವಾಸನೆ, ಅಪಾಯಕಾರಿ ಪ್ರಾಣಿಯ ವಿಷಯದಲ್ಲಿ ಷರತ್ತಿನ ಆದೇಶ ಕೊಡುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದನ್ನು ಹೇಳುತ್ತದೆ. ನಮ್ಮ ಭಾಗಕ್ಕೆ ಹುಣಸೂರಿನಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿ ಇದೆ. ಹಿಂದಿನ ಸಂಹಿತೆಯಲ್ಲಿ 133ನೇ ಕಲಂ ಆಗಿದ್ದ ಇದೇ ಅಧಿಕಾರದ ಬಗ್ಗೆ ಸುಪ್ರೀಂ ಕೋರ್ಟ್ 1980ರಲ್ಲಿ ಮಧ್ಯಪ್ರದೇಶದ ರತ್ಲಾಂ ಪುರಸಭೆಯ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಚರಂಡಿ, ನೈರ್ಮಲ್ಯದ ಕೆಲಸಕ್ಕೆ ಹಣವಿಲ್ಲ ಎಂದು ಪುರಸಭೆ ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಅದರ ಸಾರ.

ದನ, ಎಮ್ಮೆ, ಮೇಕೆ

ಸಮುದಾಯ ಆರೋಗ್ಯ ಶುಶ್ರೂಷೆಯಲ್ಲಿ ನಾವು ಕಲಿಯುವ ಅಳತೆಗಳು ಇವು. ಕೊಟ್ಟಿಗೆ ವಾಸದ ಮನೆಯಿಂದ ಕನಿಷ್ಠ 25 ಅಡಿ ದೂರವಿರಬೇಕು. ತಿಪ್ಪೆ, ಕೊಟ್ಟಿಗೆ, ಕಕ್ಕಸು ಗುಂಡಿ ಇವು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 50 ಅಡಿ ದೂರವಿರಬೇಕು. ಒಂದು ದನಕ್ಕೆ 8 ಅಡಿ ಉದ್ದ, 4 ಅಡಿ ಅಗಲದ ಜಾಗ ಬೇಕು. ಕೊಟ್ಟಿಗೆಗೆ ಗಾಳಿಯಾಡಬೇಕು, ನೆಲ ಇಳಿಜಾರಾಗಿ ಗಂಜಲ ನಿಲ್ಲದಂತಿರಬೇಕು.

ಇಕ್ಕಟ್ಟಿನ ಬೀದಿಯಲ್ಲಿ 25 ಅಡಿ ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ಜಾಗವಿಲ್ಲದವರು ಇಷ್ಟನ್ನಾದರೂ ಮಾಡಿ:

- ಸಗಣಿಯನ್ನು ದಿನಕ್ಕೆರಡು ಬಾರಿ ಎತ್ತಿ. ಊರಾಚೆಯ ಹೊಲದ ತಿಪ್ಪೆಗೆ ಸಾಗಿಸಿ, ಇಲ್ಲವೇ ಮುಚ್ಚಳವಿರುವ ಗುಂಡಿಗೆ ಹಾಕಿ ಮೇಲೆ ಮಣ್ಣು ಎಳೆಯಿರಿ. ಬೀದಿಯ ಚರಂಡಿಗೆ ತಳ್ಳಬೇಡಿ.
- ಗಂಜಲ ಹರಿಯಲು ಕಾಲುವೆ ಮಾಡಿ ಇಂಗುಗುಂಡಿಗೆ ಬಿಡಿ. ಬಾವಿ, ಕೊಳವೆಬಾವಿಯ ಪಕ್ಕ ಇಂಗುಗುಂಡಿ ಬೇಡ.
- ಪಕ್ಕದ ಮನೆಯ ಅಡುಗೆಮನೆ ಕಿಟಕಿಯ ಕೆಳಗೆ ಗೊಂತು ಕಟ್ಟಬೇಡಿ.
- ಹಾಲನ್ನು ಕಾಯಿಸದೆ ಯಾರಿಗೂ ಕೊಡಬೇಡಿ. ಗಿಣ್ಣದ ಹಾಲನ್ನೂ ಚೆನ್ನಾಗಿ ಬೇಯಿಸಿ.
- ಹಸು ಕಂದು ಹಾಕಿದರೆ ಕೈಗೆ ಗವಸು, ಇಲ್ಲವಾದರೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸತ್ತೆಯನ್ನು ಆಳವಾಗಿ ಹೂಳಿ. ನಾಯಿಗೆ ಎಸೆಯಬೇಡಿ. ಗರ್ಭಿಣಿಯರು ಆ ಕೆಲಸ ಮಾಡಬಾರದು.
- 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆ ಮತ್ತು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರೂಸೆಲ್ಲಾ ಲಸಿಕೆ ಹಾಕುತ್ತಾರೆ. ಪಶುವೈದ್ಯರು ಬಂದ ದಿನ ಕರುವನ್ನು ಮನೆಯಲ್ಲೇ ಕಟ್ಟಿರಿ.

ಹಾಲು ಕರೆದ ಮೇಲೆ ದನವನ್ನು ಬೀದಿಗೆ ಬಿಡುವುದು ತಪ್ಪು. ರಸ್ತೆಯಲ್ಲಿ ಅಪಘಾತವಾಗುತ್ತದೆ, ದನ ಪ್ಲಾಸ್ಟಿಕ್ ತಿಂದು ಸಾಯುತ್ತದೆ. ಬಿಡಾಡಿ ದನಗಳನ್ನು ಹಿಡಿದು ದೊಡ್ಡಿಗೆ ಹಾಕಿ ದಂಡ ವಸೂಲು ಮಾಡಲು 1966ರ ದನಗಳ ಅತಿಕ್ರಮ ಪ್ರವೇಶ ಕಾಯಿದೆಯೇ ಇದೆ.

ಹಂದಿ

ಪಟ್ಟಣದ ಮಿತಿಯಲ್ಲಿ ಪುರಸಭೆಯ ಅನುಮತಿಯಿಲ್ಲದೆ ಹಂದಿ ಸಾಕುವಂತಿಲ್ಲ. ಹಂದಿಯನ್ನು ಬೀದಿಗೆ ಬಿಟ್ಟು ಮೇಯಿಸುವಂತೆಯೂ ಇಲ್ಲ. ಈ ಬಿಗಿ ನಿಯಮಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಮಿದುಳು ಜ್ವರ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಈ ಜ್ವರದ ವೈರಸ್ ಹಂದಿಯ ಮೈಯಲ್ಲಿ ಹೇರಳವಾಗಿ ಬೆಳೆಯುತ್ತದೆ. ಹಂದಿಗೆ ಹೆಚ್ಚಿನ ತೊಂದರೆ ಕಾಣದು. ಗದ್ದೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹಂದಿಯನ್ನು ಕಚ್ಚಿ, ಬಳಿಕ ಮಗುವನ್ನು ಕಚ್ಚಿದರೆ ರೋಗ ಮಗುವಿಗೆ ಬರುತ್ತದೆ. ಕೋಲಾರ ಜಿಲ್ಲೆ 1970ರ ದಶಕದ ಕೊನೆಯ ವರ್ಷಗಳಲ್ಲಿ ಈ ಜ್ವರದ ಪೆಟ್ಟು ತಿಂದಿದೆ. ಕೆ.ಆರ್. ನಗರದ ಕಡೆ ನಾಲೆಯ ನೀರು, ಭತ್ತದ ಗದ್ದೆ ಮನೆಯ ಹತ್ತಿರವೇ ಇರುತ್ತವೆ. ಅಲ್ಲಿ ಹಂದಿಯೂ ಮನೆಗಳ ನಡುವೆಯೇ ಇದ್ದರೆ ಸೊಳ್ಳೆಗೆ ಕೆಲಸ ಸುಲಭ. ಮಗುವಿಗೆ ಜೋರು ಜ್ವರದ ಜೊತೆ ಫಿಟ್ಸ್, ಮಂಪರು, ಕತ್ತು ಬಿಗಿತ ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ತನ್ನಿ.

ಎರಡನೆಯದು ಲಾಡಿಹುಳು. "ನಾವು ಹಂದಿಮಾಂಸ ತಿನ್ನುವವರಲ್ಲ, ನಮಗೇನು?" ಎಂದು ಅನೇಕರು ಕೇಳುತ್ತಾರೆ. ಇಲ್ಲೇ ತಿಳಿವಳಿಕೆ ಬೇಕು. ಹುಳುವಿರುವ ಮನುಷ್ಯ ಬಯಲಲ್ಲಿ ಮಲವಿಸರ್ಜನೆ ಮಾಡಿದರೆ ಆ ಮಲದಲ್ಲಿ ಮೊಟ್ಟೆಗಳಿರುತ್ತವೆ. ಅದನ್ನು ತಿಂದ ಹಂದಿಗೆ ರೋಗ ಅಂಟುತ್ತದೆ. ಅದೇ ಮೊಟ್ಟೆಗಳು ಸೊಪ್ಪು, ಸೌತೆಕಾಯಿ, ತೊಳೆಯದ ಕೈಯ ಮೂಲಕ ಮನುಷ್ಯನ ಹೊಟ್ಟೆ ಸೇರಿದರೆ ಮರಿಗಳು ಮಿದುಳಿಗೆ ಹೋಗಿ ಗಂಟುಗಳಾಗುತ್ತವೆ, ಮೂರ್ಛೆ ಬರುತ್ತದೆ. ಒಂದು ತುಂಡು ಮಾಂಸ ತಿನ್ನದವರಿಗೂ ಇದು ಬರಬಹುದು. ಆದ್ದರಿಂದ ಹಂದಿಯನ್ನು ಊರಾಚೆ ಕಟ್ಟಿಹಾಕಿ ಸಾಕುವುದು ಅರ್ಧ ಪರಿಹಾರ. ಮನೆಗೊಂದು ಕಕ್ಕಸು ಇದ್ದು ಎಲ್ಲರೂ ಬಳಸುವುದು ಉಳಿದರ್ಧ.

ಹಂದಿ ಸಾಕಿ ಬದುಕುವವರನ್ನು ಹೀಯಾಳಿಸುವುದರಿಂದ ಊರು ಶುಚಿಯಾಗುವುದಿಲ್ಲ. ಊರಾಚೆ ನೀರು, ಬೇಲಿ ಇರುವ ಜಾಗವನ್ನು ಅವರಿಗೆ ತೋರಿಸಿಕೊಡಿ ಎಂದು ಪುರಸಭೆಯನ್ನು ಎಲ್ಲರೂ ಸೇರಿ ಕೇಳಿದರೆ ಕೆಲಸವಾಗುತ್ತದೆ.

ಕೋಳಿ, ಪಾರಿವಾಳ

ಹಿತ್ತಲ ಕೋಳಿಯಿಂದ ದಿನನಿತ್ಯ ದೊಡ್ಡ ಅಪಾಯವಿಲ್ಲ. ಗೂಡು ಮಲಗುವ ಕೋಣೆಯಲ್ಲಿ ಬೇಡ, ಮಂಚದ ಕೆಳಗೂ ಬೇಡ. ಗೂಡು ಬಾಚುವಾಗ ಮೂಗಿಗೆ ಬಟ್ಟೆ ಕಟ್ಟಿ. ಆಸ್ತಮಾ ಇರುವವರು ಆ ಕೆಲಸ ಬಿಡಿ.

ಆದರೆ ಹಕ್ಕಿಜ್ವರ ಬಂದಾಗ ನಿಯಮ ಬೇರೆ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟಿತು. ಜಿಲ್ಲಾಡಳಿತ ಸುತ್ತಲಿನ 1 ಕಿ.ಮೀ. ವ್ಯಾಪ್ತಿಯ ಕೋಳಿಗಳನ್ನೂ ಮನೆಗಳಲ್ಲಿ ಸಾಕಿದ್ದ ಹಕ್ಕಿಗಳನ್ನೂ ಕೊಲ್ಲಿಸಿ ಹೂಳಿಸಿತು. 10 ಕಿ.ಮೀ. ವ್ಯಾಪ್ತಿಯಲ್ಲಿ ನಿಗಾ ಇಟ್ಟಿತು. ಮನೆಯ ಹಕ್ಕಿಯನ್ನು ಒಪ್ಪಿಸುವುದು ಯಾರಿಗೂ ಸುಲಭವಲ್ಲ. ಆದರೂ ಹಕ್ಕಿಜ್ವರ ಮನುಷ್ಯನಿಗೆ ಅಂಟಿದರೆ ಸಾವಿನ ಪ್ರಮಾಣ ಬಹಳ ಹೆಚ್ಚು. ಹೀಗಾಗಿ ಇಂತಹ ತುರ್ತು ಆದೇಶಕ್ಕೆ ಚರ್ಚೆ, ವಿಚಾರಣೆ ಕಾಯುವುದಿಲ್ಲ. ಹೀಗೆ ಕೊಂದ ಕೋಳಿಗಳಿಗೆ ಸರ್ಕಾರದಿಂದ ಪರಿಹಾರ ಕೊಡುವ ವ್ಯವಸ್ಥೆ ಇದೆ. ಬಚ್ಚಿಡಬೇಡಿ. ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಕೋಳಿಯನ್ನು ಕೆರೆಗೆ ಎಸೆಯಬೇಡಿ, ಅಡುಗೆಗೂ ಬಳಸಬೇಡಿ.

ನಾಯಿ

2024ರಲ್ಲಿ ಕರ್ನಾಟಕದಲ್ಲಿ 3 ಲಕ್ಷ 60 ಸಾವಿರಕ್ಕೂ ಹೆಚ್ಚು ನಾಯಿ ಕಡಿತಗಳು ದಾಖಲಾಗಿವೆ. ಹೆಚ್ಚು ಅರ್ಜಿಗಳು, ಹೆಚ್ಚು ಜಗಳಗಳು ನಾಯಿಯ ವಿಷಯದಲ್ಲೇ. ಕಾನೂನು ಏನು ಹೇಳುತ್ತದೆ?

ಸಾಕಿದ ನಾಯಿಗೆ ಮಾಲೀಕರೇ ಹೊಣೆ. ನಾಯಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ಅಲಕ್ಷ್ಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ 6 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಾಯಿಗೆ ಪ್ರತಿವರ್ಷ ರೇಬೀಸ್ ಲಸಿಕೆ ಹಾಕಿಸಿ, ಚೀಟಿ ಜೋಪಾನವಾಗಿಡಿ.

ಬೀದಿನಾಯಿಯನ್ನು ಹೊಡೆದು, ವಿಷವಿಟ್ಟು ಕೊಲ್ಲುವುದು ಅಪರಾಧ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಸ್ಥಳೀಯ ಸಂಸ್ಥೆಯೇ ನಾಯಿಗಳನ್ನು ಹಿಡಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಮಾಡಿಸಿ, ಹಿಡಿದ ಜಾಗಕ್ಕೇ ಬಿಡಬೇಕು. "ಮತ್ತೆ ಇಲ್ಲಿಗೇ ಯಾಕೆ ಬಿಡ್ತಾರೆ?" ಎಂಬ ಸಿಟ್ಟು ಸಹಜ. ಕಾರಣ ಇಷ್ಟೇ: ಒಂದು ಬೀದಿಯ ನಾಯಿಗಳನ್ನು ಖಾಲಿ ಮಾಡಿದರೆ ಅಲ್ಲಿ ಬಿದ್ದಿರುವ ಕಸ, ಅನ್ನಕ್ಕಾಗಿ ಲಸಿಕೆಯಿಲ್ಲದ ಹೊಸ ನಾಯಿಗಳು ಬರುತ್ತವೆ. ಲಸಿಕೆಯಾದ ಹಳೆಯ ನಾಯಿ ಅದೇ ಬೀದಿಯಲ್ಲಿದ್ದರೆ ಹೊಸದು ಸುಲಭವಾಗಿ ಸೇರುವುದಿಲ್ಲ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಇದೇ ಕ್ರಮವನ್ನು ಎತ್ತಿಹಿಡಿಯಿತು. ರೇಬೀಸ್ ಇರುವ ಅಥವಾ ಶಂಕೆಯಿರುವ ನಾಯಿ, ಮೇಲೆರಗುವ ಸ್ವಭಾವದ ನಾಯಿಗಳನ್ನು ಮಾತ್ರ ಮರಳಿ ಬಿಡಬಾರದು ಎಂದಿತು. ಊಟ ಹಾಕುವುದಕ್ಕೆ ಗೊತ್ತುಮಾಡಿದ ಜಾಗ ಇರಬೇಕೆಂದೂ ಹೇಳಿತು.

ಆಸ್ಪತ್ರೆಗಳ ವಿಷಯ ಬೇರೆ. 2025ರ ನವೆಂಬರ್ 7ರಂದು ಅದೇ ನ್ಯಾಯಾಲಯ ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣದಂತಹ ಕಡೆಗಳಿಂದ ಬೀದಿನಾಯಿಗಳನ್ನು ತೆಗೆದು, ಅಲ್ಲಿಗೆ ಮತ್ತೆ ಬಿಡಬಾರದು ಎಂದು ಆದೇಶಿಸಿತು. ಆದ್ದರಿಂದ ರೋಗಿಗಳ ಜೊತೆಗಿರುವ ಬಂಧುಗಳಲ್ಲಿ ವಿನಂತಿ: ಉಳಿದ ಅನ್ನ, ಮುದ್ದೆಯನ್ನು ಆವರಣದಲ್ಲಿ ಹಾಕಬೇಡಿ. ಕರುಣೆಯಿಂದ ಹಾಕಿದ ತುತ್ತು ನಾಯಿಯನ್ನು ವಾರ್ಡಿನ ಬಾಗಿಲಿಗೆ ಕರೆತರುತ್ತದೆ. ಆಪರೇಷನ್ ಆದವರು, ಕೋಲೂರಿ ನಡೆಯುವವರು ಓಡಲಾರರು. ಉಳಿದ ಊಟವನ್ನು ಮುಚ್ಚಳವಿರುವ ತೊಟ್ಟಿಗೇ ಹಾಕಿ.

ಕಾಡಂಚಿನ ಊರುಗಳಿಗೆ ಒಂದು ಮಾತು

ಎಚ್.ಡಿ. ಕೋಟೆ, ಹುಣಸೂರು ಕಡೆಯ ಹಲವು ಊರುಗಳು ನಾಗರಹೊಳೆ, ಬಂಡೀಪುರ ಕಾಡಿನ ಅಂಚಿನಲ್ಲಿವೆ. ಬೀದಿಯಲ್ಲಿ ಮಾಂಸದ ಕಸವಿದ್ದರೆ ನಾಯಿ ಸೇರುತ್ತದೆ. ನಾಯಿ, ಕರು, ಮೇಕೆಗಳನ್ನು ಹುಡುಕಿಕೊಂಡು ಚಿರತೆ ಬರುತ್ತದೆ. ಮೈಸೂರು ಜಿಲ್ಲೆಯಲ್ಲಿ ಚಿರತೆ ದಾಳಿಯಿಂದ ಸಾವುಗಳಾದ ಮೇಲೆ 2023ರಲ್ಲಿ ಚಿರತೆ ಕಾರ್ಯಪಡೆ ರಚನೆಯಾಯಿತು. ಕಾರ್ಯಪಡೆ ಬೋನು ಇಡಬಹುದು, ಕೊಟ್ಟಿಗೆಗೆ ಬಾಗಿಲು ಹಾಕುವುದು ನಮ್ಮ ಕೆಲಸ. ರಾತ್ರಿ ಕರು, ಮೇಕೆಗಳನ್ನು ಬಯಲಲ್ಲಿ ಕಟ್ಟಬೇಡಿ. ನಸುಕಿನಲ್ಲಿ ಕೊಟ್ಟಿಗೆಗೆ ಹೋಗುವವರು ಬೆಳಕು ಹಿಡಿದು, ಸದ್ದು ಮಾಡುತ್ತಾ ಹೋಗಿ.

ನಿಂತ ತೀರ್ಮಾನ, ಬಿದ್ದ ತೀರ್ಮಾನ

2018ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸಾಕುನಾಯಿಗಳಿಗೆ ಪರವಾನಗಿ ನಿಯಮ ತಂದಿತು. ಫ್ಲಾಟಿಗೆ ಒಂದು, ಸ್ವಂತ ಮನೆಗೆ ಮೂರು ನಾಯಿ ಎಂದು ಲೆಕ್ಕ ಹಾಕಿತು. ನಾಯಿ ಸಾಕುವವರಿಂದ ಭಾರಿ ವಿರೋಧ ಬಂದು ಆ ನಿಯಮ ಹಿಂದಕ್ಕೆ ಸರಿಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಯ ನಾಯಿಗಳನ್ನು ಅಪಾಯಕಾರಿ ಎಂದು ನಿಷೇಧಿಸಲು ಹೊರಟಿತು. ಸಂಬಂಧಪಟ್ಟವರ ಮಾತು ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಆ ಸುತ್ತೋಲೆಯನ್ನು ರದ್ದು ಮಾಡಿತು. ಬಡಾವಣೆಯ ಸಂಘಗಳು ಬಹುಮತದಿಂದ ಸಾಕುಪ್ರಾಣಿಗಳನ್ನು ಪೂರ್ತಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ.

ಇದರಿಂದ ನಮಗೆ ತಿಳಿಯುವುದೇನು? ಕುಂಬಾರಕೊಪ್ಪಲಿನಂತಹ ತುರ್ತಿನಲ್ಲಿ ಆದೇಶ ಕೂಡಲೇ ನಡೆಯುತ್ತದೆ. ಉಳಿದ ದಿನಗಳಲ್ಲಿ ಎರಡೂ ಕಡೆಯವರ ಮಾತು ಕೇಳಿ, ಕಾರಣ ಬರೆದು ಕೊಟ್ಟ ತೀರ್ಮಾನವೇ ಉಳಿಯುತ್ತದೆ. "ತೆಗೆಸಿಬಿಡಿ" ಎಂಬ ಅರ್ಜಿಗಿಂತ "ಈ ಷರತ್ತುಗಳನ್ನು ಪಾಲಿಸುವಂತೆ ಮಾಡಿ" ಎಂಬ ಅರ್ಜಿಗೆ ಬೇಗ ಫಲ ಸಿಗುತ್ತದೆ.

ಅರ್ಜಿ ಬರೆಯುವ ಮಾದರಿ

ಮೊದಲು ನೆರೆಯವರ ಹತ್ತಿರ ಸಮಾಧಾನವಾಗಿ ಮಾತಾಡಿ. ಆಗದಿದ್ದರೆ ಹೀಗೆ ಬರೆಯಿರಿ:

"ಮುಖ್ಯಾಧಿಕಾರಿಗಳು, ಪುರಸಭೆ ಕಾರ್ಯಾಲಯ ಇವರಿಗೆ. ಮಾನ್ಯರೇ, ನಮ್ಮ ವಾರ್ಡಿನ ಇಂತಹ ಬೀದಿಯಲ್ಲಿ ಇಷ್ಟು ದನಗಳ ಕೊಟ್ಟಿಗೆ ನಮ್ಮ ಮನೆಯಿಂದ ಇಷ್ಟು ಅಡಿ ದೂರದಲ್ಲಿದೆ. ಸಗಣಿ ಚರಂಡಿಗೆ ಸೇರಿ ನೀರು ನಿಂತಿದೆ. ಮನೆಯಲ್ಲಿ ಹಸುಗೂಸು ಇದೆ. ಆರೋಗ್ಯ ನಿರೀಕ್ಷಕರನ್ನು ಕಳುಹಿಸಿ ಸ್ಥಳ ಪರಿಶೀಲನೆ ಮಾಡಿಸಿ, ಸಗಣಿ ದಿನವೂ ಸಾಗಿಸುವಂತೆ, ಗಂಜಲಕ್ಕೆ ಇಂಗುಗುಂಡಿ ಮಾಡುವಂತೆ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇವೆ."

ದಿನಾಂಕ, ಸಹಿ ಹಾಕಿ, ಎರಡು ಪ್ರತಿ ಮಾಡಿ. ಒಂದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಿ. ಹಳ್ಳಿಯಲ್ಲಾದರೆ ಪಿಡಿಒ ಅವರಿಗೆ ಕೊಡಿ, ವಾರ್ಡ್ ಸಭೆ, ಗ್ರಾಮ ಸಭೆಯಲ್ಲೂ ಎತ್ತಿ. ಆಶಾ ಕಾರ್ಯಕರ್ತೆಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೂ ತಿಳಿಸಿ.

ನಿಮಗೇ ನೋಟಿಸ್ ಬಂದಿದ್ದರೆ ಹೆದರಬೇಡಿ, ಹರಿದೂ ಹಾಕಬೇಡಿ. ಅದರಲ್ಲಿರುವ ದಿನಾಂಕದೊಳಗೆ ಲಿಖಿತ ಉತ್ತರ ಕೊಡಿ. ದನಗಳ ಲಸಿಕೆ ಚೀಟಿ ಲಗತ್ತಿಸಿ. ಏನೇನು ಸರಿಪಡಿಸಿದ್ದೀರಿ, ಇನ್ನೆಷ್ಟು ಕಾಲಾವಕಾಶ ಬೇಕು ಎಂದು ಬರೆಯಿರಿ. ಬರವಣಿಗೆ ಬಾರದವರು ಓದುವ ಮಕ್ಕಳಿಂದ ಬರೆಸಿ. ವ್ಯಾಪಾರದ ಪ್ರಮಾಣದಲ್ಲಿ ದನ, ಕೋಳಿ ಸಾಕುವವರು ಪುರಸಭೆಯ ಪರವಾನಗಿ ಬೇಕೇ ಎಂದು ಮುಂಚೆಯೇ ವಿಚಾರಿಸಿ.

ಕಡಿತಕ್ಕೆ ಅರ್ಜಿ ಕಾಯುತ್ತದೆ, ಚಿಕಿತ್ಸೆ ಕಾಯುವುದಿಲ್ಲ

ನಾಯಿ ಕಚ್ಚಿದಾಗ ಮನೆಯವರು ನಾಯಿಯ ಮಾಲೀಕರ ಹತ್ತಿರ ಜಗಳಕ್ಕೆ ಹೋಗುತ್ತಾರೆ, ಗಾಯವನ್ನು ಮರೆಯುತ್ತಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ, ಅವರಲ್ಲಿ ಮಕ್ಕಳೇ ಬಹಳ. ಆದರೆ ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಪಡೆದರೆ ಇದನ್ನು ತಡೆಯಬಹುದು.

1. ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ.
2. ಸುಣ್ಣ, ಖಾರದಪುಡಿ, ಕಾಫಿಪುಡಿ, ಸೊಪ್ಪಿನ ರಸ ಹಚ್ಚಬೇಡಿ. ಬಿಗಿಯಾಗಿ ಕಟ್ಟಬೇಡಿ.
3. ಅದೇ ದಿನ ಆಸ್ಪತ್ರೆಗೆ ಬನ್ನಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ.
4. ಚರ್ಮಕ್ಕೆ ಹಾಕುವ ಲಸಿಕೆಯಾದರೆ ಮೊದಲ ದಿನವನ್ನು 0 ಎಂದು ಎಣಿಸಿ 0, 3, 7, 28ನೇ ದಿನ. ತೋಳಿನ ಸ್ನಾಯುವಿಗಾದರೆ 0, 3, 7, 14, 28ನೇ ದಿನ. ಎರಡು ಸೂಜಿಯಾದ ಮೇಲೆ "ಈಗ ಚೆನ್ನಾಗಿದೆ" ಎಂದು ನಿಲ್ಲಿಸಬೇಡಿ.
5. ರಕ್ತ ಬಂದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧವನ್ನು ಗಾಯದ ಸುತ್ತ ಚುಚ್ಚಬೇಕಾಗುತ್ತದೆ. ಅದನ್ನು ಕೇಳಿ ಪಡೆಯಿರಿ.
6. ನಾಯಿ, ಬೆಕ್ಕನ್ನು 10 ದಿನ ಗಮನಿಸಿ, ಆದರೆ ಅದಕ್ಕಾಗಿ ಲಸಿಕೆ ತಡಮಾಡಬೇಡಿ. ಮನೆಯ ನಾಯಿ, ಮರಿನಾಯಿ ಎಂದು ಅಲಕ್ಷಿಸಬೇಡಿ.
7. ಗರ್ಭಿಣಿಯರು, ಬಾಣಂತಿಯರು, ಹಸುಗೂಸುಗಳಿಗೂ ಈ ಲಸಿಕೆ ಹಾಕಬಹುದು, ಹಾಕಲೇಬೇಕು.

ಮಕ್ಕಳು ಬೈಗುಳಕ್ಕೆ ಹೆದರಿ ನಾಯಿ ಪರಚಿದ್ದನ್ನು ಮುಚ್ಚಿಡುತ್ತಾರೆ. "ನಾಯಿ ಮುಟ್ಟಿದರೆ ಹೇಳು, ಬೈಯುವುದಿಲ್ಲ" ಎಂದು ಇಂದೇ ಮನೆಯಲ್ಲಿ ಹೇಳಿಬಿಡಿ.

ಮನೆಗೆ ಹೊರಟವರಿಗೆ

ಕೊಟ್ಟಿಗೆಯ ಪಕ್ಕದ ಮನೆಗೆ ಬಾಣಂತಿಯನ್ನು ಕರೆದುಕೊಂಡು ಹೋಗಬಹುದೇ ಎಂಬ ಪ್ರಶ್ನೆಗೆ ಉತ್ತರ: ಹೋಗಬಹುದು. ಆ ಕಡೆಯ ಕಿಟಕಿಗೆ ಜಾಲರಿ ಹಾಕಿ, ತಾಯಿ ಮಗುವನ್ನು ಸೊಳ್ಳೆಪರದೆಯೊಳಗೆ ಮಲಗಿಸಿ, ಕುಡಿಯುವ ನೀರು ಕುದಿಸಿ, ಮಗುವಿಗೆ ಎದೆಹಾಲು ಮಾತ್ರ ಕೊಡಿ. ಎದೆಹಾಲಿನ ಮೇಲೆ ನೊಣ ಕೂರುವುದಿಲ್ಲ. ಹೊಕ್ಕುಳಿಗೆ ಸಗಣಿ ಬೂದಿ, ಮಣ್ಣು ಹಚ್ಚಬೇಡಿ, ಧನುರ್ವಾಯು ಬರುತ್ತದೆ. ಆಪರೇಷನ್ ಗಾಯ ಇರುವವರು, ಸಕ್ಕರೆ ಕಾಯಿಲೆಯಿಂದ ಕಾಲಿನಲ್ಲಿ ಹುಣ್ಣಿರುವವರು ಗಾಯ ಒಣಗುವವರೆಗೆ ಕೊಟ್ಟಿಗೆ ಕೆಲಸವನ್ನು ಬೇರೆಯವರಿಗೆ ಬಿಡಿ. ಹಾಲು ಕರೆಯಲೇಬೇಕಾದವರು ಗಾಯಕ್ಕೆ ಮುಚ್ಚಿದ ಪಟ್ಟಿ, ಕಾಲಿಗೆ ಪಾದ ಮುಚ್ಚುವ ಚಪ್ಪಲಿ ಹಾಕಿ, ಬಳಿಕ ಕೈಕಾಲನ್ನು ಸೋಪಿನಿಂದ ತೊಳೆಯಿರಿ.

ಪ್ರಾಣಿಗೆ ಕಾಯಿಲೆಯಾದರೆ ಪಶು ಸಹಾಯವಾಣಿ 1962. ಮನುಷ್ಯರ ಆರೋಗ್ಯ ಸಲಹೆಗೆ 104. ತುರ್ತು ವಾಹನಕ್ಕೆ 108.

ಈ ಹಾಳೆಯನ್ನು ಇಲ್ಲೇ ಬಿಟ್ಟು ಹೋಗಬೇಡಿ. ನಿಮ್ಮ ಮನೆಯವರು ಓದಿದ ಮೇಲೆ ಹಸು ಕಟ್ಟಿರುವ ಪಕ್ಕದ ಮನೆಯವರಿಗೂ ಕೊಡಿ. ಅರ್ಜಿಗಿಂತ ಮೊದಲು ಈ ಹಾಳೆ ಅವರ ಕೈ ಸೇರಿದರೆ ಪುರಸಭೆಯ ಬಾಗಿಲಿಗೆ ಹೋಗುವ ಅಗತ್ಯವೇ ಬರದೆ ಹೋಗಬಹುದು.